ಬಂಪರಿನ ಹಿಂದಿನ ಎಂಟು ಸಾಲು: ಒಂದು ರೇಡಾರ್ ವಿವರಪಟ್ಟಿಗೆ ವ್ಯಾಖ್ಯಾನ

ಈಗಿನ ಹಲವು ಕಾರುಗಳಲ್ಲಿ ಮುಂದಿನ ಬಂಪರಿನ ಹಿಂದೆ, ಇಲ್ಲವೇ ಕಂಪನಿಯ ಲಾಂಛನದ ಹಿಂದೆ, ಅಂಗೈಯಗಲದ ಒಂದು ಡಬ್ಬಿ ಕೂತಿರುತ್ತದೆ. ಮುಂದಿನ ವಾಹನದಿಂದ ಅಂತರ ಕಾಯ್ದುಕೊಂಡು ಓಡುವ ಕ್ರೂಸ್ ಕಂಟ್ರೋಲ್‌ಗೂ ಡಿಕ್ಕಿಗೆ ಮೊದಲು ತಾನಾಗಿ ಬೀಳುವ ಬ್ರೇಕಿಗೂ ಸುದ್ದಿ ಮುಟ್ಟಿಸುವುದು ಅದೇ. ಶೋರೂಮಿನಲ್ಲಿ ‘ರೇಡಾರ್ ಇದೆ ಸರ್’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆ ಡಬ್ಬಿಯ ತಾಂತ್ರಿಕ ವಿವರಪಟ್ಟಿ ಮಾತ್ರ ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ.

ಇಲ್ಲಿ ಮೂಲವಾಗಿ ಇಟ್ಟುಕೊಂಡ ಪಟ್ಟಿ ಯಾವುದೇ ಒಂದು ಕಂಪನಿಯದಲ್ಲ. ಈ ದರ್ಜೆಯ ಸೆನ್ಸರುಗಳಿಗೆ ಸಹಜವಾದ ಅಂಕಿಗಳನ್ನು, ಒಂದಕ್ಕೊಂದು ಲೆಕ್ಕ ಕೂಡುವಂತೆ ಆರಿಸಿ, ಎಂಟು ಸಾಲಿನಲ್ಲಿ ಬರೆದದ್ದು. ಓದುವಾಗ ಒಂದು ಸಂಗತಿ ನೆನಪಿರಲಿ: ಈ ಸಾಲುಗಳು ಬಿಡಿಬಿಡಿಯಾಗಿ ನಿಂತಿಲ್ಲ. ಒಂದು ಅಂಕಿಯನ್ನು ಹಿಗ್ಗಿಸಿದರೆ ಇನ್ನೊಂದು ಕುಗ್ಗುತ್ತದೆ. ಏನು ಕಾಣುತ್ತದೆ ಎಂದು ಹೇಳುವ ಪ್ರತಿ ಸಾಲೂ ಏನು ಕಾಣುವುದಿಲ್ಲ ಎಂಬುದನ್ನು ಅದೇ ಉಸಿರಿನಲ್ಲಿ ಹೇಳಿರುತ್ತದೆ.

ಸಾಲು 1
ಆವರ್ತನ: 76–77 ಗಿಗಾಹರ್ಟ್ಸ್

ಸೆಕೆಂಡಿಗೆ 7,600 ಕೋಟಿ ಸಲ ಕಂಪಿಸುವ ರೇಡಿಯೊ ಅಲೆ ಇದು. ಬೆಳಕಿನ ವೇಗವನ್ನು, ಅಂದರೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರನ್ನು, ಈ ಸಂಖ್ಯೆಯಿಂದ ಭಾಗಿಸಿದರೆ ಒಂದು ಅಲೆಯ ಉದ್ದ 3.9 ಮಿಲಿಮೀಟರ್ ಎಂದು ಸಿಗುತ್ತದೆ. ಮುಂದಿನ ಸಾಲುಗಳಲ್ಲೂ ಈ 3.9 ಮಿಲಿಮೀಟರ್ ಅಲ್ಲಲ್ಲಿ ತಲೆ ಹಾಕುತ್ತದೆ.

ಅಲೆ ಗಿಡ್ಡವಾದಷ್ಟೂ ಆಂಟೆನಾ ಚಿಕ್ಕದಾಗುತ್ತದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನ ಕರಾವಳಿ ಕಾಯ್ದ ‘ಚೈನ್ ಹೋಮ್’ ರೇಡಾರ್ ಸರಣಿಯ ಅಲೆಗಳು ಹತ್ತು ಮೀಟರಿನ ಆಸುಪಾಸಿನವು. ಅವನ್ನು ಹೊರಡಿಸಲು ಸುಮಾರು 110 ಮೀಟರ್ ಎತ್ತರದ ಉಕ್ಕಿನ ಗೋಪುರಗಳು ಬೇಕಾದವು. ಅಲೆ ಮಿಲಿಮೀಟರಿಗೆ ಇಳಿದದ್ದರಿಂದಲೇ ರೇಡಾರ್ ಬಂಪರಿನೊಳಗೆ ಹಿಡಿಸಿತು. ಇಷ್ಟು ಗಿಡ್ಡ ಅಲೆಗಳು ನಮ್ಮ ನೆಲಕ್ಕೆ ಹೊಸವೇನಲ್ಲ. 1890ರ ದಶಕದಲ್ಲೇ ಕೋಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸರು ಕೆಲವೇ ಮಿಲಿಮೀಟರ್ ಉದ್ದದ ರೇಡಿಯೊ ಅಲೆಗಳನ್ನು ಹುಟ್ಟಿಸಿ ಪ್ರಯೋಗ ನಡೆಸಿದ್ದರು. ಅವು ಅಗ್ಗದ ಸಿಲಿಕಾನ್ ಚಿಪ್ಪಿಗೆ ಇಳಿಯಲು ಮತ್ತೊಂದು ಶತಮಾನವೇ ಹಿಡಿಯಿತು.

ಸಾಲಿನಲ್ಲಿ ಅಡಗಿದ ಇನ್ನೊಂದು ಅಂಶ ಕಾನೂನಿನದು. ಆಕಾಶದ ಆವರ್ತನಗಳು ಸರ್ಕಾರದ ಹಿಡಿತದಲ್ಲಿವೆ. ಭಾರತದಲ್ಲಿ 76–77 ಗಿಗಾಹರ್ಟ್ಸ್ ಪಟ್ಟಿಯನ್ನು ಕಡಿಮೆ ಶಕ್ತಿಯ ವಾಹನ ರೇಡಾರಿಗೆ ಪರವಾನಗಿಯಿಲ್ಲದೆ ಬಳಸಬಹುದು. ಬೇರೆ ಕೆಲಸಕ್ಕೆ ಬೇರೆ ಪಟ್ಟಿ: ಮಾಲ್‌ಗಳಲ್ಲಿ ಹತ್ತಿರ ಹೋದೊಡನೆ ತೆರೆದುಕೊಳ್ಳುವ ಬಾಗಿಲುಗಳ ಮೇಲಿನ ರೇಡಾರ್ ಸಾಮಾನ್ಯವಾಗಿ 24 ಗಿಗಾಹರ್ಟ್ಸ್‌ನದು. ಯಾರೋ ಬಂದರು ಎಂದು ತಿಳಿದರೆ ಬಾಗಿಲಿಗೆ ಸಾಕು, ಎಷ್ಟು ದೂರದಲ್ಲಿ ಎಂಬ ಗೊಡವೆ ಅದಕ್ಕಿಲ್ಲ.

ಸಾಲು 2
ತರಂಗದ ಬಗೆ: ಎಫ್‌ಎಂಸಿಡಬ್ಲ್ಯೂ. ಒಂದು ಚರ್ಪ್‌ಗೆ 20 ಮೈಕ್ರೊಸೆಕೆಂಡ್, ಒಂದು ಸುತ್ತಿಗೆ 512 ಚರ್ಪ್

ರೇಡಾರ್ ಎಂದರೆ ಅಲೆ ಹೋಗಿ ಬರುವ ಹೊತ್ತನ್ನು ಅಳೆಯುವುದು ಎಂದು ಶಾಲೆಯಲ್ಲಿ ಓದಿದ್ದೇವೆ. ತತ್ವ ಸರಿ. ಆದರೆ 150 ಮೀಟರ್ ದೂರದ ಕಾರಿಗೆ ಹೋಗಿ ಬರಲು ಅಲೆಗೆ ಬೇಕಾದದ್ದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ, ಒಂದು ಮೈಕ್ರೊಸೆಕೆಂಡ್. ಅರ್ಧ ಮೀಟರಿನ ವ್ಯತ್ಯಾಸ ತಿಳಿಯಬೇಕಾದರೆ ಅದರೊಳಗಿನ ಮುನ್ನೂರರಲ್ಲೊಂದು ಭಾಗ ಗೊತ್ತಾಗಬೇಕು. ಅಷ್ಟು ಸೂಕ್ಷ್ಮ ಹೊತ್ತನ್ನು ನೇರವಾಗಿ ಅಳೆಯುವ ಬದಲು ಎಂಜಿನಿಯರುಗಳು ಹೊತ್ತನ್ನು ಸ್ವರದ ವ್ಯತ್ಯಾಸವಾಗಿ ಬದಲಿಸಿಕೊಂಡರು.

ಗಾಯಕರೊಬ್ಬರು ಬೆಟ್ಟದ ಎದುರು ನಿಂತು ಕೆಳಗಿನ ಷಡ್ಜದಿಂದ ಮೇಲಿನ ಷಡ್ಜದವರೆಗೆ ಒಂದೇ ಸಮನೆ ಜಾರುತ್ತ ಏರುತ್ತಾರೆ ಎನ್ನಿ. ಬೆಟ್ಟದಿಂದ ಮರಳಿ ಬರುವ ದನಿ ತುಸು ಹಿಂದಿನದು, ಹಾಗಾಗಿ ತುಸು ಕೆಳಗಿನ ಸ್ವರ. ಈಗ ಹಾಡುತ್ತಿರುವ ಸ್ವರಕ್ಕೂ ಮರಳಿದ ಸ್ವರಕ್ಕೂ ಇರುವ ಅಂತರವೇ ಬೆಟ್ಟದ ದೂರವನ್ನು ಹೇಳಿಬಿಡುತ್ತದೆ, ಗಡಿಯಾರ ಬೇಡ. ಹೀಗೆ ಸಮನಾಗಿ ಏರುವ ಒಂದು ಜಾರನ್ನು ಚರ್ಪ್ ಎನ್ನುತ್ತಾರೆ, ಎಡೆಬಿಡದೆ ಹೊರಡುವ ಅಲೆಯ ಆವರ್ತನವನ್ನು ಹೀಗೆ ಜಾರಿಸುವ ವಿಧಾನವೇ ಎಫ್‌ಎಂಸಿಡಬ್ಲ್ಯೂ.

ನಮ್ಮ ಸೆನ್ಸರಿನಲ್ಲಿ ಏರುವ ಎತ್ತರ 300 ಮೆಗಾಹರ್ಟ್ಸ್, ಏರಲು ಹಿಡಿಯುವ ಹೊತ್ತು 20 ಮೈಕ್ರೊಸೆಕೆಂಡ್. ಅಂದರೆ ಮೈಕ್ರೊಸೆಕೆಂಡಿಗೆ 15 ಮೆಗಾಹರ್ಟ್ಸ್. 150 ಮೀಟರಿನ ಕಾರಿನಿಂದ ಮರಳಿದ ಅಲೆ ಹೊರಡುತ್ತಿರುವ ಅಲೆಗಿಂತ 15 ಮೆಗಾಹರ್ಟ್ಸ್ ಕೆಳಗಿರುತ್ತದೆ, 30 ಮೀಟರಿನ ಬೈಕಿನಿಂದ ಮರಳಿದ್ದು 3 ಮೆಗಾಹರ್ಟ್ಸ್ ಕೆಳಗೆ. ಹೋಗುವ ಅಲೆಯನ್ನೂ ಬರುವ ಅಲೆಯನ್ನೂ ಮಿಕ್ಸರ್ ಎಂಬ ಬಿಡಿಭಾಗದಲ್ಲಿ ಬೆರೆಸಿದರೆ ಈ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಹಲವು ವಸ್ತುಗಳಿದ್ದರೆ ಹಲವು ವ್ಯತ್ಯಾಸಗಳು ಒಟ್ಟಿಗೆ ಬರುತ್ತವೆ. ಫೂರಿಯೆ ರೂಪಾಂತರ ಎಂಬ ಗಣಿತ ಅವನ್ನು ಬೇರ್ಪಡಿಸಿ, ಪ್ರತಿಯೊಂದನ್ನೂ ಅದರ ದೂರದ ಖಾನೆಗೆ ಹಾಕುತ್ತದೆ. ವಿಮಾನ ಇಳಿಯುವಾಗ ನೆಲದಿಂದ ಎಷ್ಟು ಎತ್ತರದಲ್ಲಿದ್ದೇವೆ ಎಂದು ಹೇಳುವ ರೇಡಿಯೊ ಆಲ್ಟಿಮೀಟರಿನದೂ ಇದೇ ಜಾಣತನ.

ಸಾಲು 3
ಬ್ಯಾಂಡ್‌ವಿಡ್ತ್: 300 ಮೆಗಾಹರ್ಟ್ಸ್. ದೂರದ ರೆಸಲ್ಯೂಷನ್: 0.5 ಮೀಟರ್

ಇವು ಎರಡು ಅಂಕಿಯಂತೆ ಕಂಡರೂ ಒಂದೇ. ಚರ್ಪ್ ಏರುವ ಎತ್ತರವೇ ಬ್ಯಾಂಡ್‌ವಿಡ್ತ್. ಬೆಳಕಿನ ವೇಗವನ್ನು ಬ್ಯಾಂಡ್‌ವಿಡ್ತಿನ ಎರಡರಷ್ಟರಿಂದ ಭಾಗಿಸಿದರೆ ರೆಸಲ್ಯೂಷನ್. 300 ಮೆಗಾಹರ್ಟ್ಸ್‌ಗೆ ಅದು ಅರ್ಧ ಮೀಟರ್. ಪಕ್ಕಪಕ್ಕದ ಎರಡು ವಸ್ತುಗಳ ದೂರದಲ್ಲಿ ಅರ್ಧ ಮೀಟರಿಗಿಂತ ಕಡಿಮೆ ವ್ಯತ್ಯಾಸವಿದ್ದರೆ ಈ ಸಾಲಿನ ಮಟ್ಟಿಗೆ ಅವೆರಡೂ ಒಂದೇ ವಸ್ತು. ಬಸ್ಸಿನ ಹಿಂಬದಿಗೆ ಸರಿಸಮನಾಗಿ ಬರುವ ಸ್ಕೂಟರ್ ಬಸ್ಸಿನಲ್ಲೇ ಕರಗಿಹೋಗಬಹುದು.

1904ರಲ್ಲಿ ಜರ್ಮನಿಯ ಕ್ರಿಶ್ಚಿಯನ್ ಹುಲ್ಸ್‌ಮೈಯರ್ ಎಂಬಾತ ಕಲೋನ್ ನಗರದ ರೈನ್ ನದಿಯಲ್ಲಿ ಹಡಗುಗಳನ್ನು ರೇಡಿಯೊ ಅಲೆಯಿಂದ ಪತ್ತೆಹಚ್ಚಿ ತೋರಿಸಿದ. ಆ ಯಂತ್ರ ಹಡಗು ಇದೆ ಎಂದು ಹೇಳುತ್ತಿತ್ತೇ ಹೊರತು ಎಷ್ಟು ದೂರ ಎಂದು ತಾನಾಗಿ ಹೇಳುತ್ತಿರಲಿಲ್ಲ. ಇದೆ ಎನ್ನುವುದಕ್ಕೂ ಇಷ್ಟು ದೂರದಲ್ಲಿದೆ ಎನ್ನುವುದಕ್ಕೂ ನಡುವಿನ ಹಾದಿಯೇ ಬ್ಯಾಂಡ್‌ವಿಡ್ತ್.

ಹಾಗಿದ್ದರೆ ಅದನ್ನು ಹೆಚ್ಚಿಸಬಾರದೇ? 77ರಿಂದ 81 ಗಿಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ 4 ಗಿಗಾಹರ್ಟ್ಸ್ ಸಿಗುತ್ತದೆ, ಆಗ ರೆಸಲ್ಯೂಷನ್ ನಾಲ್ಕು ಸೆಂಟಿಮೀಟರಿನೊಳಗೆ ಇಳಿಯುತ್ತದೆ. ಆದರೆ ಅದೇ 20 ಮೈಕ್ರೊಸೆಕೆಂಡಿನಲ್ಲಿ ಅಷ್ಟು ಎತ್ತರ ಏರಿದರೆ ದೂರದ ವಸ್ತುವಿನ ಸ್ವರವ್ಯತ್ಯಾಸ ಸೆನ್ಸರಿನ ಎಲೆಕ್ಟ್ರಾನಿಕ್ಸ್ ಹಿಡಿಯುವ ಮಿತಿ ದಾಟಿಹೋಗುತ್ತದೆ. ಹತ್ತಿರದ್ದು ಸ್ಪಷ್ಟವಾಗುತ್ತದೆ, ದೂರದ್ದು ಕೈಬಿಡುತ್ತದೆ. ಆದ್ದರಿಂದ ಅಗಲ ಪಟ್ಟಿ ಹೆಚ್ಚಾಗಿ ಬಳಕೆಯಾಗುವುದು ಸಮೀಪದ ನೋಟಕ್ಕೆ.

ರೆಸಲ್ಯೂಷನ್ ಬೇರೆ, ನಿಖರತೆ ಬೇರೆ ಎಂಬುದನ್ನೂ ಇಲ್ಲಿ ಗಮನಿಸಬೇಕು. ಹತ್ತಿರವಿರುವ ಎರಡು ವಸ್ತುಗಳನ್ನು ಬೇರ್ಪಡಿಸುವುದು ಕಷ್ಟ. ಒಂದೇ ಇದ್ದರೆ ಅದರ ದೂರವನ್ನು ಬಹಳ ನಯವಾಗಿ ಹೇಳಬಹುದು. ಎಣ್ಣೆ, ಆಮ್ಲ, ಸಿಮೆಂಟ್ ತುಂಬಿದ ಟ್ಯಾಂಕುಗಳ ನೆತ್ತಿಯಲ್ಲಿ ಕೂರುವ 80 ಗಿಗಾಹರ್ಟ್ಸ್ ರೇಡಾರ್ ಮಟ್ಟಮಾಪಕಗಳು ಕೆಲವೇ ಮಿಲಿಮೀಟರಿನ ನಿಖರತೆ ಕೊಡುವುದು ಇದರಿಂದಲೇ. ಅವು ಅಳೆಯಬೇಕಾದದ್ದು ಒಂದೇ ಮೇಲ್ಮೈ. ನದಿ ಸೇತುವೆಗಳ ಕೆಳಗೆ ತೂಗುಹಾಕಿ ನೀರಿನ ಮಟ್ಟ ಅಳೆಯುವ ರೇಡಾರ್ ಸೆನ್ಸರುಗಳೂ ಇದೇ ಜಾತಿಯವು. ಪ್ರವಾಹದ ಕೆಸರು, ತೇಲಿಬರುವ ಮರ ಯಾವುದೂ ಅವನ್ನು ಮುಟ್ಟುವುದಿಲ್ಲ, ಏಕೆಂದರೆ ಅವು ನೀರನ್ನೇ ಮುಟ್ಟುವುದಿಲ್ಲ.

ಸಾಲು 4
ಸಾಪೇಕ್ಷ ವೇಗ: ಗಂಟೆಗೆ ±175 ಕಿ.ಮೀ. ರೆಸಲ್ಯೂಷನ್: 0.7 ಕಿ.ಮೀ.

ರೇಡಾರಿನ ನಿಜವಾದ ಹೆಚ್ಚುಗಾರಿಕೆ ಈ ಸಾಲಿನಲ್ಲಿದೆ. ಕ್ಯಾಮೆರಾ ಒಂದಾದಮೇಲೊಂದು ಚಿತ್ರ ಹೋಲಿಸಿ ವೇಗವನ್ನು ಊಹಿಸುತ್ತದೆ, ರೇಡಾರ್ ವೇಗವನ್ನೇ ಅಳೆಯುತ್ತದೆ. ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಹೇಳಿದ ನಿಯಮವೇ ಇದರ ಆಧಾರ: ಹತ್ತಿರ ಬರುವುದರ ಕಂಪನ ಏರುತ್ತದೆ, ದೂರ ಹೋಗುವುದರದು ಇಳಿಯುತ್ತದೆ.

ಒಂದು ಲೆಕ್ಕವನ್ನು ಹತ್ತಿರದಿಂದ ನೋಡೋಣ. ಮುಂದಿನ ವಾಹನ ನಮ್ಮತ್ತ ಗಂಟೆಗೆ 72 ಕಿಲೋಮೀಟರ್, ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹತ್ತಿರವಾಗುತ್ತಿದೆ. ಒಂದು ಚರ್ಪ್‌ನಿಂದ ಮುಂದಿನದಕ್ಕೆ 20 ಮೈಕ್ರೊಸೆಕೆಂಡ್. ಅಷ್ಟರಲ್ಲಿ ಅದು ಸರಿದದ್ದು 0.4 ಮಿಲಿಮೀಟರ್. ಅರ್ಧ ಮೀಟರಿನ ದೂರದ ಖಾನೆಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಹೋಗಿಬರುವ ದಾರಿ 0.8 ಮಿಲಿಮೀಟರ್ ಕಡಿಮೆಯಾಯಿತು, ಅಲೆಯ ಉದ್ದವೋ 3.9 ಮಿಲಿಮೀಟರ್. ಅಂದರೆ ಅಲೆ ತನ್ನ ಒಂದು ಸುತ್ತಿನ ಐದನೇ ಒಂದು ಭಾಗದಷ್ಟು ತಿರುಗಿತು. ಚರ್ಪ್‌ನಿಂದ ಚರ್ಪ್‌ಗೆ ಈ ತಿರುಗನ್ನು ನೋಡುತ್ತ ಹೋದರೆ ವೇಗ ತಾನಾಗಿ ಹೊರಬೀಳುತ್ತದೆ. 512 ಚರ್ಪ್‌ಗಳನ್ನು ಕೂಡಿಸಿ ನೋಡಲು ಸುಮಾರು 10 ಮಿಲಿಸೆಕೆಂಡ್ ಬೇಕು, ಅಷ್ಟು ಹೊತ್ತು ನೋಡಿದ್ದರ ಫಲವೇ ಗಂಟೆಗೆ 0.7 ಕಿಲೋಮೀಟರಿನ ರೆಸಲ್ಯೂಷನ್. ದೂರದ 300 ಖಾನೆ, ವೇಗದ 512 ಖಾನೆ. ಒಟ್ಟು 1,53,600 ಖಾನೆಗಳ ಕೋಷ್ಟಕ ಪ್ರತಿ ಸುತ್ತಿಗೂ ತುಂಬುತ್ತದೆ.

±175 ಎಂಬ ಗಡಿ ಎಲ್ಲಿಂದ ಬಂತು? ಒಂದು ಚರ್ಪ್‌ನ ಅವಧಿಯಲ್ಲಿ ಅಲೆ ಅರ್ಧ ಸುತ್ತಿಗಿಂತ ಹೆಚ್ಚು ತಿರುಗಿದರೆ ಅದು ಮುಂದಕ್ಕೆ ತಿರುಗಿತೋ ಹಿಂದಕ್ಕೋ ಎಂದು ತಿಳಿಯುವುದಿಲ್ಲ. ನಾವು ಗಂಟೆಗೆ 100ರಲ್ಲಿ ಹೋಗುತ್ತಿದ್ದು ಎದುರಿನ ಪಥದಲ್ಲಿ ಇನ್ನೊಂದು ಕಾರು 100ರಲ್ಲಿ ಬರುತ್ತಿದ್ದರೆ ಸಾಪೇಕ್ಷ ವೇಗ 200. ಗಡಿ ದಾಟಿದ್ದರಿಂದ ಈ ಕೋಷ್ಟಕದಲ್ಲಿ ಅದು ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ನಮ್ಮಿಂದ ದೂರ ಓಡುತ್ತಿರುವಂತೆ ದಾಖಲಾಗುತ್ತದೆ! ಇದನ್ನು ಬಿಡಿಸಲು ಚರ್ಪ್‌ಗಳ ಅಂತರವನ್ನು ಸುತ್ತಿನಿಂದ ಸುತ್ತಿಗೆ ತುಸು ಬದಲಿಸುತ್ತಾರೆ. ಸುಳ್ಳು ವೇಗ ಆಗ ಜಾಗ ಬದಲಿಸುತ್ತದೆ, ನಿಜವಾದದ್ದು ಬದಲಿಸುವುದಿಲ್ಲ.

ಡಾಪ್ಲರ್ ಅಳೆಯುವುದು ನೋಟದ ನೇರ ರೇಖೆಯಲ್ಲಿನ ವೇಗವನ್ನು ಮಾತ್ರ. ಪೊಲೀಸರು ರೇಡಾರ್ ಗನ್ನನ್ನು ರಸ್ತೆಗೆ 30 ಡಿಗ್ರಿ ಓರೆಯಾಗಿ ಹಿಡಿದರೆ 100ರಲ್ಲಿ ಹೋಗುವ ಕಾರು 87 ಎಂದು ತೋರುತ್ತದೆ. ಓರೆಯ ಲಾಭ ಯಾವಾಗಲೂ ಚಾಲಕನಿಗೇ. ಇನ್ನೊಂದು ತುದಿಯಲ್ಲಿ, 60 ಗಿಗಾಹರ್ಟ್ಸ್‌ನ ಸೆನ್ಸರುಗಳು ಉಸಿರಾಡುವಾಗ ಎದೆ ಏರಿಳಿಯುವ ಮಿಲಿಮೀಟರುಗಳನ್ನು ಅಲೆಯ ತಿರುಗಿನಿಂದ ಗುರುತಿಸುತ್ತವೆ. ಕಾರಿನ ಹಿಂದಿನ ಸೀಟಿನಲ್ಲಿ ಮಗು ಉಳಿದುಬಿಟ್ಟರೆ ಎಚ್ಚರಿಸಲು ಈ ಬಗೆಯ ಸೆನ್ಸರ್ ಬಳಕೆಗೆ ಬಂದಿದೆ.

ಸಾಲು 5
ಆಂಟೆನಾ: ಪ್ರಸಾರಕ್ಕೆ 3, ಗ್ರಹಣಕ್ಕೆ 4

ದೂರ ಮತ್ತು ವೇಗ ತಿಳಿದರೂ ವಸ್ತು ಎಡಕ್ಕೋ ಬಲಕ್ಕೋ ಎಂಬ ಪ್ರಶ್ನೆ ಉಳಿಯಿತು. ಓರೆಯಿಂದ ಬಂದ ಅಲೆ ಸಾಲಾಗಿ ಜೋಡಿಸಿದ ಆಂಟೆನಾಗಳನ್ನು ಒಂದಾದಮೇಲೊಂದರಂತೆ ಮುಟ್ಟುತ್ತದೆ. ಆ ಹಿಂದುಮುಂದಿನಿಂದ ಕೋನ ಸಿಗುತ್ತದೆ. ಮೂರು ಪ್ರಸಾರಕ, ನಾಲ್ಕು ಗ್ರಾಹಕ ಸೇರಿ ಗಣಿತದ ಮಟ್ಟಿಗೆ ಹನ್ನೆರಡು ಗ್ರಾಹಕಗಳ ಕೆಲಸ ಮಾಡುತ್ತವೆ.

ಹನ್ನೆರಡೂ ಒಂದೇ ಸಾಲಿನಲ್ಲಿದ್ದರೆ ಕೋನದ ರೆಸಲ್ಯೂಷನ್ ಸುಮಾರು ಒಂಬತ್ತೂವರೆ ಡಿಗ್ರಿ. ನೂರು ಮೀಟರ್ ದೂರದಲ್ಲಿ ಅದು 16–17 ಮೀಟರ್ ಅಗಲ, ಅಂದರೆ ಮೂರೂವರೆ ಮೀಟರಿನ ನಾಲ್ಕು ಪಥಗಳಿಗಿಂತ ಹೆಚ್ಚು. ದೂರದಲ್ಲಿ, ವೇಗದಲ್ಲಿ ಅಷ್ಟು ಚುರುಕಾದ ಸೆನ್ಸರ್ ಅಗಲದಲ್ಲಿ ಮಬ್ಬು. ಕಾರಿನಲ್ಲಿ ರೇಡಾರಿನ ಜೊತೆಗೆ ಕ್ಯಾಮೆರಾ ಇರುವುದು ಅಲಂಕಾರಕ್ಕಲ್ಲ. ಕೋನದಲ್ಲಿ ಕ್ಯಾಮೆರಾ ಗಟ್ಟಿ, ದೂರ–ವೇಗದಲ್ಲಿ ರೇಡಾರ್ ಗಟ್ಟಿ.

ಇಲ್ಲೂ ಕೊಟ್ಟು ಕೊಳ್ಳುವ ಲೆಕ್ಕವಿದೆ. ಮೂರು ಪ್ರಸಾರಕಗಳು ಸರದಿಯಂತೆ ಅಲೆ ಬಿಟ್ಟರೆ ಪ್ರತಿಯೊಂದರ ಪಾಲಿಗೆ ಚರ್ಪ್‌ಗಳ ಅಂತರ ಮೂರು ಪಟ್ಟಾಗುತ್ತದೆ, ನಾಲ್ಕನೇ ಸಾಲಿನ 175 ಕುಸಿದು 60ರ ಒಳಗೆ ಬರುತ್ತದೆ. ಪಟ್ಟಿಯಲ್ಲಿ 175 ಉಳಿಯಬೇಕಾದರೆ ಮೂರೂ ಒಟ್ಟಿಗೆ, ತಮ್ಮತಮ್ಮ ಗುರುತಿನ ಸಂಕೇತ ಬೆರೆಸಿ ಹೊರಡಬೇಕು. ಆಗ ಒಂದರ ಉಳಿಕೆ ಇನ್ನೊಂದಕ್ಕೆ ಗದ್ದಲವಾಗುತ್ತದೆ. ಕೋನ ಬೇಕೆಂದರೆ ಬೇರೆಲ್ಲೋ ತೆರಬೇಕು.

ಕೋನಕ್ಕೆ ಕೊನೆಗೂ ಬೇಕಾದದ್ದು ಆಂಟೆನಾ ಸಾಲಿನ ಅಗಲ. ಅಗಲವಿಲ್ಲದಿದ್ದರೆ ಚಲನೆಯಿಂದ ಅದನ್ನು ಗಳಿಸಬಹುದು. ಇಸ್ರೊ ಮತ್ತು ನಾಸಾ ಜೊತೆಗೂಡಿ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿಸಿದ ನಿಸಾರ್ ಉಪಗ್ರಹದ್ದು ಇದೇ ದಾರಿ. 12 ಮೀಟರಿನ ಪ್ರತಿಫಲಕ ಹೊತ್ತು ಸಾಗುತ್ತ, ದಾರಿಯುದ್ದಕ್ಕೂ ಮರಳಿದ ಅಲೆಗಳನ್ನು ಒಟ್ಟುಗೂಡಿಸಿ, ಕಿಲೋಮೀಟರುಗಳಷ್ಟು ಉದ್ದದ ಆಂಟೆನಾ ಇದ್ದಿದ್ದರೆ ಸಿಗುತ್ತಿದ್ದ ಸೂಕ್ಷ್ಮತೆಯನ್ನು ಅದು ಪಡೆಯುತ್ತದೆ. ನೆಲ ಸೆಂಟಿಮೀಟರುಗಳಷ್ಟು ಕುಸಿದರೂ ಉಬ್ಬಿದರೂ ಅದಕ್ಕೆ ತಿಳಿಯುವುದು ಅಲೆಯ ತಿರುಗಿನಿಂದಲೇ.

ಸಾಲು 6
ಪ್ರಸಾರ ಶಕ್ತಿ: 10 ಮಿಲಿವ್ಯಾಟ್. ಗರಿಷ್ಠ ದೂರ: ಕಾರಿಗೆ 150 ಮೀಟರ್, ಪಾದಚಾರಿಗೆ 75 ಮೀಟರ್

ಹತ್ತು ಮಿಲಿವ್ಯಾಟ್ ಎಂದರೆ ಮೊಬೈಲ್ ಫೋನು ಹೊರಡಿಸುವ ಗರಿಷ್ಠ ಶಕ್ತಿಗಿಂತಲೂ ಬಹಳ ಕಡಿಮೆ. ಹೋಗುವಾಗ ಅಲೆ ದೂರದ ವರ್ಗಕ್ಕೆ ತಕ್ಕಂತೆ ತೆಳುವಾಗುತ್ತದೆ. ಮರಳುವಾಗ ಮತ್ತೆ ಅಷ್ಟೇ ತೆಳುವಾಗುತ್ತದೆ. ಆದ್ದರಿಂದ ಮರಳಿ ಸಿಗುವ ಶಕ್ತಿ ದೂರದ ನಾಲ್ಕನೇ ಘಾತಕ್ಕೆ ಕುಗ್ಗುತ್ತದೆ. ಈ ದರ್ಜೆಯ ಚಿಕ್ಕ ಆಂಟೆನಾಗಳಿಗೆ ಲೆಕ್ಕ ಹಾಕಿದರೆ, ಕಳಿಸಿದ್ದನ್ನು ಕೋಟಿ ಕೋಟಿ ಭಾಗ ಮಾಡಿದಾಗ 150 ಮೀಟರಿನ ಕಾರಿನಿಂದ ಮರಳುವುದು ನಾಲ್ಕೈದು ಭಾಗ. ಅದನ್ನು ಗದ್ದಲದಿಂದ ಮೇಲೆತ್ತುವುದು 512 ಚರ್ಪ್‌ಗಳ ಒಟ್ಟು ಮೊತ್ತ.

ಪಾದಚಾರಿಗೆ ದೂರ ಅರ್ಧವಾಯಿತಲ್ಲ, ಏಕೆ? ರೇಡಾರಿನ ಕಣ್ಣಿಗೆ ಮನುಷ್ಯ ಕಾರಿಗಿಂತ ಸುಮಾರು ಹದಿನಾರನೇ ಒಂದರಷ್ಟು ‘ದೊಡ್ಡವನು’ ಎಂದು ಈ ಪಟ್ಟಿ ಹಿಡಿದಿದೆ. ಹದಿನಾರರ ನಾಲ್ಕನೇ ಮೂಲ ಎರಡು, ಹಾಗಾಗಿ ದೂರ ಅರ್ಧ. ಗಂಟೆಗೆ 100 ಕಿಲೋಮೀಟರಿನಲ್ಲಿ 75 ಮೀಟರ್ ದಾಟಲು 2.7 ಸೆಕೆಂಡ್ ಸಾಕು. ರೇಡಾರಿಗೆ ಗಾತ್ರಕ್ಕಿಂತ ಆಕಾರ, ಲೋಹ ಮುಖ್ಯ. ಲಾರಿಯ ಹಿಂಬದಿಯ ನೇರ ಮೂಲೆಗಳು ಅಲೆಯನ್ನು ಬಂದ ದಾರಿಗೇ ಮರಳಿಸುತ್ತವೆ. ಓರೆಯಾದ ನುಣುಪು ಮೈ ಅದನ್ನು ಬೇರೆತ್ತಲೋ ಕಳಿಸಿಬಿಡುತ್ತದೆ. ಮೂರು ಲೋಹದ ಹಾಳೆಗಳನ್ನು ಒಂದಕ್ಕೊಂದು ಲಂಬವಾಗಿ ಕೂಡಿಸಿದ ಮೂಲೆ ಪ್ರತಿಫಲಕವನ್ನು ಚಿಕ್ಕ ದೋಣಿಗಳು ಕಂಬಕ್ಕೆ ಕಟ್ಟಿಕೊಳ್ಳುವುದು ದೊಡ್ಡ ಹಡಗಿನ ರೇಡಾರಿನಲ್ಲಿ ದೊಡ್ಡದಾಗಿ ಕಾಣಲಿ ಎಂದೇ.

ನಾಲ್ಕನೇ ಘಾತದ ನಿಯಮ ಎಷ್ಟು ಕಠಿಣ ಎನ್ನಲು ಇನ್ನೊಂದು ಲೆಕ್ಕ ಸಾಕು. 150 ಮೀಟರಿನ ಬದಲು 150 ಕಿಲೋಮೀಟರಿನಲ್ಲಿ ಅದೇ ಗುರಿಯನ್ನು ನೋಡಬೇಕಾದರೆ ಲಕ್ಷ ಕೋಟಿ ಪಟ್ಟು ಕಸರತ್ತು ಬೇಕು. ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿರುವ ಡಿಆರ್‌ಡಿಒದ ರೇಡಾರ್ ಪ್ರಯೋಗಾಲಯ ಎಲ್‌ಆರ್‌ಡಿಇ ರೂಪಿಸಿ ಬಿಇಎಲ್ ತಯಾರಿಸುವ ರೋಹಿಣಿ, ಅರುಧ್ರದಂಥ ವಾಯುಕಾವಲು ರೇಡಾರುಗಳು ವಾಹನವೇರುವಷ್ಟು ದೊಡ್ಡವಾಗಿರುವುದು ನಾಲ್ಕನೇ ಘಾತದ ಈ ಸಾಲ ತೀರಿಸಲಿಕ್ಕೆ.

ಸಾಲು 7
ಕಾರ್ಯಸ್ಥಿತಿ: ಹಗಲು, ರಾತ್ರಿ, ಮಂಜು, ಧೂಳು, ಮಳೆ

ತನ್ನ ಬೆಳಕನ್ನು ತಾನೇ ಹೊರಡಿಸುವುದರಿಂದ ಹಗಲು–ರಾತ್ರಿ ರೇಡಾರಿಗೆ ಒಂದೇ. ಆಗುಂಬೆಯ ಮಂಜಿನ ಹನಿಗಳು ಮಿಲಿಮೀಟರಿನ ನೂರರಲ್ಲಿ ಕೆಲವು ಭಾಗದಷ್ಟು, 3.9 ಮಿಲಿಮೀಟರಿನ ಅಲೆ ಅವನ್ನು ಲೆಕ್ಕಿಸದೆ ಹಾದುಹೋಗುತ್ತದೆ. ಮಳೆಹನಿಗಳ ಮಾತು ಬೇರೆ, ಅವು ಮಿಲಿಮೀಟರಿನ ಲೆಕ್ಕದವು, ಅಲೆಯ ಉದ್ದಕ್ಕೆ ಹತ್ತಿರ. ಗಂಟೆಗೆ 25 ಮಿಲಿಮೀಟರಿನ ಮಳೆಯಲ್ಲಿ ಈ ಆವರ್ತನ ಕಿಲೋಮೀಟರಿಗೆ ಸುಮಾರು 10 ಡೆಸಿಬೆಲ್ ಕಳೆದುಕೊಳ್ಳುತ್ತದೆ. 150 ಮೀಟರ್ ಹೋಗಿಬರುವಷ್ಟರಲ್ಲಿ ಶಕ್ತಿ ಅರ್ಧವಾಗುತ್ತದೆ. ಆರನೇ ಸಾಲಿನಲ್ಲಿ ಕಾಡಿದ ನಾಲ್ಕನೇ ಘಾತ ಇಲ್ಲಿ ಕಾಪಾಡುತ್ತದೆ: ಶಕ್ತಿ ಅರ್ಧವಾದರೂ ದೂರ ಕುಗ್ಗುವುದು ಆರನೇ ಒಂದು ಭಾಗದಷ್ಟೇ, 150 ಇದ್ದದ್ದು 125ಕ್ಕೆ ಇಳಿಯುತ್ತದೆ. ಮಳೆಯನ್ನೇ ನೋಡಬೇಕಾದ ಹವಾಮಾನ ಇಲಾಖೆಯ ಹಲವು ಡಾಪ್ಲರ್ ರೇಡಾರುಗಳು 5, 10 ಸೆಂಟಿಮೀಟರಿನ ಉದ್ದ ಅಲೆಗಳನ್ನು ಬಳಸುತ್ತವೆ. ಮೊದಲ ಮೋಡದಲ್ಲೇ ಸೊರಗದೆ ಅದರ ಹಿಂದಿನ ಮಳೆಯನ್ನೂ ಅವು ಕಾಣಬಲ್ಲವು.

ಪಟ್ಟಿ ಹೇಳದ ಶತ್ರು ಹೊರಗಿಲ್ಲ, ಬಂಪರಿನ ಮೇಲೇ ಇದೆ. ಒದ್ದೆ ಕೆಸರಿನ ಪದರ, ಲೋಹದ ಪುಡಿ ಬೆರೆತ ದಪ್ಪ ಬಣ್ಣ, ಅಂದಕ್ಕೆಂದು ಹಾಕಿಸಿದ ಕಬ್ಬಿಣದ ಗಾರ್ಡ್ ಇವೆಲ್ಲ ಅಲೆಯನ್ನು ತಡೆಯುತ್ತವೆ ಅಥವಾ ಬಾಗಿಸುತ್ತವೆ. ಬಂಪರ್ ಬಿಚ್ಚಿ ಹಾಕಿದಾಗ ಸೆನ್ಸರ್ ಒಂದೇ ಒಂದು ಡಿಗ್ರಿ ವಾರೆಯಾದರೆ ನೂರು ಮೀಟರಿನಲ್ಲಿ 1.75 ಮೀಟರ್ ತಪ್ಪು, ಅರ್ಧ ಪಥ. ಪಕ್ಕದ ಪಥದ ಲಾರಿ ನಮ್ಮ ಪಥದ್ದೆಂದು ಬ್ರೇಕ್ ಬೀಳಬಹುದು.

ಸಾಲು 8
ಟಿಪ್ಪಣಿ: ನಿಂತ ವಸ್ತುಗಳಿಗೆ ಸ್ಪಂದನೆ ಸೀಮಿತ. ಚಾಲಕರ ಗಮನಕ್ಕೆ ಇದು ಪರ್ಯಾಯವಲ್ಲ

ಸಣ್ಣ ಅಕ್ಷರದ ಈ ಸಾಲನ್ನು ಕಂಪನಿಯ ವಕೀಲರು ಸೇರಿಸಿದ್ದು ಎಂದುಕೊಂಡು ದಾಟಿಹೋಗುವುದೇ ಹೆಚ್ಚು. ಹಿಂದಿನ ಏಳು ಸಾಲು ಓದಿದವರಿಗೆ ಇದು ಭೌತವಿಜ್ಞಾನದ ತೀರ್ಪು ಎಂದು ತಿಳಿಯುತ್ತದೆ.

ರಸ್ತೆಯಲ್ಲಿ ನಿಂತ ಲಾರಿ ನಮ್ಮ ಕಾರಿನ ವೇಗದಲ್ಲೇ ನಮ್ಮತ್ತ ಬರುತ್ತಿರುವಂತೆ ನಾಲ್ಕನೇ ಸಾಲಿನ ಕೋಷ್ಟಕದಲ್ಲಿ ದಾಖಲಾಗುತ್ತದೆ. ಬದಿಯ ತಡೆಗೋಡೆ, ದಾರಿಫಲಕ, ಮೇಲೆ ಹಾದ ಸೇತುವೆ ಎಲ್ಲವೂ ಹೆಚ್ಚುಕಡಿಮೆ ಅದೇ ವೇಗದಲ್ಲಿರುತ್ತವೆ. ಅವನ್ನು ಬೇರ್ಪಡಿಸಬೇಕಾದದ್ದು ಕೋನ, ಅದು ಐದನೇ ಸಾಲಿನಲ್ಲಿ ಮಬ್ಬು. ಅದರಲ್ಲೂ ಆಂಟೆನಾಗಳೆಲ್ಲ ಅಡ್ಡ ಸಾಲಿನಲ್ಲೇ ಇದ್ದರೆ ಎತ್ತರ ತಿಳಿಯುವುದೇ ಇಲ್ಲ. ಹಾಗಾಗಿ ದೂರದ ಸೇತುವೆಯೂ ಅದರಡಿ ಕೆಟ್ಟು ನಿಂತ ಲಾರಿಯೂ ಬಹುಮಟ್ಟಿಗೆ ಒಂದೇ ಗುರುತು. ಪ್ರತಿ ಸೇತುವೆಗೂ ಬ್ರೇಕ್ ಹಾಕಿದರೆ ಹಿಂದಿನವರು ಬಂದು ಗುದ್ದುತ್ತಾರೆ. ಅದಕ್ಕೇ ಮೊದಮೊದಲ ವ್ಯವಸ್ಥೆಗಳು ನಿಂತದ್ದನ್ನು ಬಹುಪಾಲು ಕೈಬಿಟ್ಟು, ಚಲಿಸುವುದನ್ನು ಮಾತ್ರ ಹಿಂಬಾಲಿಸುತ್ತಿದ್ದವು. ಈಗ ಕ್ಯಾಮೆರಾದ ಸಾಕ್ಷಿ ಕೂಡಿಸುತ್ತಾರೆ. ಹನ್ನೆರಡರ ಬದಲು 192 ಗ್ರಾಹಕಗಳಿಗೆ ಸಮನಾದ, ಎತ್ತರವನ್ನೂ ಅಳೆಯುವ ಚಿತ್ರಣ ರೇಡಾರುಗಳೂ ಬಂದಿವೆ. ಆದರೂ ಹಿಂದಿನ ದೀಪವಿಲ್ಲದೆ ಕತ್ತಲಲ್ಲಿ ನಿಂತ ಟ್ರ್ಯಾಕ್ಟರ್ ಟ್ರೇಲರ್ ಎದುರಾದರೆ ಕ್ಯಾಮೆರಾ ಕುರುಡಾಗಿ, ರೇಡಾರ್ ಅನುಮಾನದಲ್ಲೇ ಉಳಿಯುವ ಸಾಧ್ಯತೆ ಇದ್ದೇ ಇದೆ.

ಆದ್ದರಿಂದ ಈ ಪಟ್ಟಿಯನ್ನು ಓದಿದವರು ಮಾಡಬಹುದಾದದ್ದು ಮೂರು. ಸೆನ್ಸರಿನ ಮುಂದೆ ಲೋಹದ ಗಾರ್ಡ್ ಹಾಕಿಸದಿರುವುದು. ಬಂಪರ್ ರಿಪೇರಿಯಾದರೆ ರೇಡಾರಿನ ದಿಕ್ಕನ್ನು ಮತ್ತೆ ಸರಿಹೊಂದಿಸಿದ್ದಾರೆಯೇ ಎಂದು ಕೇಳುವುದು. ‘ರೇಡಾರ್ ಇದೆ ಸರ್’ ಎಂದವರನ್ನು, ನಿಂತ ವಾಹನಕ್ಕೂ ಪಾದಚಾರಿಗೂ ಯಾವ ವೇಗದವರೆಗೆ ಬ್ರೇಕ್ ಬೀಳುತ್ತದೆ ಎಂದು ವಿಚಾರಿಸುವುದು. ಉತ್ತರ ಕೈಪಿಡಿಯಲ್ಲಿರುತ್ತದೆ, ಆ ವೇಗ ದಾಟಿದ ಮೇಲೆ ರಸ್ತೆಯಲ್ಲಿ ನಿಂತದ್ದನ್ನೆಲ್ಲ ನೋಡುವ ಹೊಣೆ ಚಾಲಕರದು.